ಅಮ್ಮನ ಹೊಸ ಸೀರೆಯ ಗಂಟು

ನಮ್ಮ ಮನೆಗೂ ಊರಿಗೂ ನಡುವೆ ಇರುವುದು ಒಂದು ರಾಗಿ ಹೊಲ, ಗುಲಾಬಿ ಬೆಳೆಯುವ ಒಂದು ಶೆಡ್ಡು, ಒಂದು ಮೋರಿ. ಹೇಳುವುದಕ್ಕೆ ಇಷ್ಟೇ. ಆದರೆ ಸಂಜೆ ಕರೆಂಟು ಹೋದಾಗ ನಮ್ಮ ಜಗುಲಿಯಿಂದ ಊರಿನ ಕಡೆ ನೋಡಿದರೆ ನಡುವೆ ಒಂದು ಸಮುದ್ರವೇ ಇದೆ ಅನ್ನಿಸುತ್ತದೆ. ನಾನು ಸಮುದ್ರ ನೋಡಿಲ್ಲ. ಕೃಷ್ಣಗಿರಿ ಡ್ಯಾಮ್ ನೋಡಿದ್ದೇನೆ, ಅದನ್ನೇ ಹತ್ತರಿಂದ ಗುಣಿಸಿಕೊಂಡಿದ್ದೇನೆ. ನಾನು ಯಾವುದನ್ನೂ ಹತ್ತರಿಂದ ಗುಣಿಸದೆ ಹೇಳುವುದಿಲ್ಲ ಎಂದು ನಮ್ಮ ಸ್ಕೂಲಿನಲ್ಲಿ ಎಲ್ಲರಿಗೂ ಗೊತ್ತು. ಓದುವವರು ಬೇಕಾದರೆ ಮನಸ್ಸಿನಲ್ಲೇ ಭಾಗಿಸಿಕೊಳ್ಳಿ.

ಆಸ್ತಿ ಭಾಗವಾದಾಗ ಬೀದಿಯ ಮನೆ ದೊಡ್ಡಪ್ಪನಿಗೆ ಹೋಯಿತು, ಹೊಲ ನಮ್ಮಪ್ಪನಿಗೆ ಬಂತು. ಅಪ್ಪ ಹೊಲದಲ್ಲೇ ಮನೆ ಕಟ್ಟಿಸಿ, ಅದಕ್ಕೆ ದೂರದ ಬೇರಿಕೆ ಸಂತೆಯಿಂದಲೂ ಕಾಣುವಂಥ ಹಳದಿ ಬಣ್ಣ ಬಳಿಸಿ, ಆಮೇಲೆ ಲಾರಿ ಹತ್ತಿ ಹೋದರು. ಹೊಸೂರಿನಿಂದ ಕೇರಳಕ್ಕೆ ಹೂವು, ಎಲೆಕೋಸು ಸಾಗಿಸುವ ಲಾರಿ ಅದು. ಅಮ್ಮನಿಗೆ ಹೊಸೂರಿನ ಫ್ಯಾಕ್ಟರಿಯಲ್ಲಿ ಯಾವಾಗಲೂ ಸೆಕೆಂಡ್ ಶಿಫ್ಟು. ಮಧ್ಯಾಹ್ನ ಊಟದ ಹೊತ್ತಿಗೆ ಮೇನ್ ರೋಡಿನಲ್ಲಿ ವ್ಯಾನ್ ಹತ್ತಿದರೆ, ಊರು ಮಲಗಿದ ಮೇಲೆ ಅದೇ ವ್ಯಾನಿನಿಂದ ಇಳಿಯುತ್ತಾಳೆ. ಅಷ್ಟು ಹೊತ್ತೂ ಆ ಹಳದಿ ಮನೆಗೆ ನಾನೇ ರಾಣಿ, ನಾನೇ ಪ್ರಜೆ.

ಮಾತಾಡಲು ಯಾರೂ ಇಲ್ಲದಿದ್ದರೆ ಬೇರೆಯವರು ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ನಾನು ಟೀವಿಯಲ್ಲಿ ತಮಿಳು ನ್ಯೂಸ್ ಓದುವವಳ ಜೊತೆ ಸಂಸಾರ ಮಾಡುತ್ತಿದ್ದೆ. ಅವಳು ವಣಕ್ಕಂ ಅಂದರೆ ನಾನೂ ಅನ್ನುತ್ತಿದ್ದೆ. ಕೃಷ್ಣಗಿರಿ ಜಿಲ್ಲೆಯಲ್ಲಿ ಮಳೆ ಬರಲಿದೆ ಅಂದರೆ, ಕಿಟಕಿ ನೋಡಿ ಬಂದು, ಇಲ್ಲಿ ಒಂದು ಹನಿಯೂ ಇಲ್ಲಮ್ಮ, ಸಂಬಳಕ್ಕಾದರೂ ನಿಜ ಹೇಳು ಎಂದು ಗದರುತ್ತಿದ್ದೆ. ಅವಳು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಕರೆಂಟು ಹೋದರೆ ಮಾತ್ರ ಹೇಳದೆ ಕೇಳದೆ ಎದ್ದು ಹೋಗಿಬಿಡುತ್ತಿದ್ದಳು.

ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ನಮ್ಮ ಬಚ್ಚಲಿಗೆ ಒಂದು ಹಾವು ಬಂತು. ಅದರ ಉದ್ದದ ಬಗ್ಗೆ ಇಲ್ಲಿ ಚರ್ಚೆ ಬೇಡ. ಅಮ್ಮನಿಗೆ ಹೇಳುವಾಗ ಅದು ಬಚ್ಚಲ ಬಾಗಿಲಿನಿಂದ ಹಂಡೆಯವರೆಗೆ ಇತ್ತು. ಇಷ್ಟುದ್ದದ ಹಾವಿನ ಸುದ್ದಿ ಕೇಳಿದ ತಾಯಿ ಮನೆಯಲ್ಲೇ ಉಳಿಯುತ್ತಾಳೆ, ಕೊನೆಗೆ ಶಿಫ್ಟಾದರೂ ಬದಲಾಯಿಸಿಕೊಳ್ಳುತ್ತಾಳೆ ಎಂಬುದು ನನ್ನ ಲೆಕ್ಕ. ಅಮ್ಮ ಬೇರೆ ಲೆಕ್ಕ ಹಾಕಿದಳು. ಹನ್ನೊಂದನೇ ಕ್ಲಾಸಿಗೆ ನನ್ನನ್ನು ಕೃಷ್ಣಗಿರಿಯಲ್ಲಿ ಸೇರಿಸುವುದು, ಅಲ್ಲೇ ಹಾಸ್ಟೆಲಿನಲ್ಲಿ ಬಿಡುವುದು. ನಾನು ಹಾವನ್ನು ಅರ್ಧಕ್ಕೆ ಇಳಿಸಿ ನೋಡಿದೆ, ಗೇಣುದ್ದಕ್ಕೆ ತಂದೆ, ಕೊನೆಗೆ ಅದು ಹಾವೇ ಅಲ್ಲ, ಎರೆಹುಳು ಅಂದೆ. ಅಮ್ಮ ಪಾತ್ರೆ ತೊಳೆಯುತ್ತಿದ್ದವಳು ತಿರುಗಿ ನೋಡಲಿಲ್ಲ.

"ಬೀದೀಲಿದ್ದಿದ್ರೆ ಯಾರಾನ ನೋಡ್ಕಂತಿದ್ರು," ಅಂದಳು. "ಇಲ್ಲಿ ನೀನು ಕೂಗಿದ್ರೆ ಯಾರಮ್ಮಿ ಬತ್ತಾರೆ? ಒಂದ್ ಮನೆ ತೋರ್ಸು, ಇವ್ರ ಮನೇಲಿ ಕೂತಿರ್ತೀನಿ ಅಂತ. ನಾನು ಕಳ್ಸಕಿಲ್ಲ."

ತೋರಿಸಲು ಮನೆ ಇರಲಿಲ್ಲ. ಬೀದಿಯವರಿಗೆ ಅಮ್ಮ ಅಂದರೆ ವ್ಯಾನಿನ ಕಿಟಕಿಯಲ್ಲಿ ಹೋಗುವ ಒಂದು ಮುಖ. ಗೃಹಪ್ರವೇಶದ ದಿನ ಪಾಯಸ ಉಂಡು ಹೋದವರು ಆಮೇಲೆ ಮೋರಿ ದಾಟಿರಲಿಲ್ಲ. ಆಯಮ್ಮನಿಗೆ ಸಂಬಳದ ಕೊಬ್ಬು ಎಂದು ಅವರು, ಅವರು ಯಾವತ್ತು ನನ್ನನ್ನು ಕರೆದರು ಎಂದು ಅಮ್ಮ. ಎರಡು ಕಡೆಯ ಮಾತೂ ನನಗೆ ಚೆನ್ನಾಗಿ ಗೊತ್ತಿತ್ತು. ಏಕೆಂದರೆ ಎರಡು ಕಡೆಯವರೂ ಅದನ್ನು ನನ್ನ ಹತ್ತಿರವೇ ಹೇಳುತ್ತಿದ್ದರು.

ಆ ಬೇಸಿಗೆಯಲ್ಲೇ ಪ್ರಾಜೆಕ್ಟ್ ಅಕ್ಕ ಬಂದಳು. ಬೆಂಗಳೂರಿನ ಯಾವುದೋ ಗುಂಪಿನವಳು, ಗಡಿಯ ಜೂಜುವಾಡಿ ಚೆಕ್‌ಪೋಸ್ಟಿನ ಲಾರಿಗಳ ನಡುವೆ ಸ್ಕೂಟರ್ ಓಡಿಸಿಕೊಂಡು ಬರುತ್ತಿದ್ದಳು. ಹೆಗಲಲ್ಲಿ ಒಂದು ಬಟ್ಟೆ ಚೀಲ. ಅದರಲ್ಲಿ ನಮ್ಮ ಊರು ಮಡಚಿ ಇಟ್ಟರೂ ಇನ್ನೂ ಒಂದು ನೀರಿನ ಬಾಟಲಿಗೆ ಜಾಗ ಉಳಿಯುತ್ತಿತ್ತು. ಊರಿನ ಹಳೆಯ ಕಲೆಯೊಂದನ್ನು ಮನೆಮನೆಯವರು ಸೇರಿ ಕಲಿತರೆ ಮನೆಗಳು ಹತ್ತಿರವಾಗುತ್ತವೆ ಎಂದು ಅವಳು ಸ್ಕೂಲಿನ ಅಂಗಳದಲ್ಲಿ ಹೇಳಿದಳು. ಹೆಂಗಸರು ಗಮನವಿಟ್ಟು ಕೇಳಿ, ಬೋಂಡಾ ಕೊಡುತ್ತೀರಾ ಎಂದು ವಿಚಾರಿಸಿದರು. ಕೊಡುತ್ತೇವೆ ಅಂದಳು. ಕಲೆ ಶುರುವಾಯಿತು.

ನಮ್ಮೂರಿನಲ್ಲಿ ಉಳಿದಿದ್ದ ಕಲೆ ಜಡೆ ಕೋಲಾಟ. ಅದು ಉಳಿದಿದ್ದದ್ದು ಒಬ್ಬ ತಾತನ ತಲೆಯೊಳಗೆ. ತಾತ ಹಾಡು ಹೇಳುವುದು ತೆಲುಗಿನಲ್ಲಿ, ಬೈಯುವುದು ಕನ್ನಡದಲ್ಲಿ, ಟೀ ಕೇಳುವುದು ತಮಿಳಿನಲ್ಲಿ. ಅಂಗಳದ ಬೇವಿನ ಕೊಂಬೆಗೆ ಒಂದು ಕಬ್ಬಿಣದ ಬಳೆ, ಬಳೆಯಿಂದ ಇಳಿಬಿಟ್ಟ ಎಂಟು ಹಗ್ಗ, ಒಂದೊಂದು ಹಗ್ಗದ ತುದಿಗೆ ಒಬ್ಬೊಬ್ಬರು. ಎಡಗೈಯಲ್ಲಿ ಹಗ್ಗ, ಬಲಗೈಯಲ್ಲಿ ಕೋಲು. ನಾಲ್ವರು ಈ ಕಡೆಯಿಂದ, ನಾಲ್ವರು ಆ ಕಡೆಯಿಂದ, ಎದುರಾದವರ ಕೋಲಿಗೆ ಕೋಲು ತಟ್ಟಿ ಒಬ್ಬರ ಒಳಗೆ, ಇನ್ನೊಬ್ಬರ ಹೊರಗೆ ನುಸುಳುತ್ತ ಸುತ್ತಿದರೆ ಮೇಲಿನಿಂದ ಜಡೆ ತಾನಾಗಿ ಹೆಣೆದುಕೊಂಡು ಇಳಿಯುತ್ತದೆ. ಆಮೇಲೆ ಅದೇ ಹೆಜ್ಜೆಯನ್ನು ಹಿಂದುಮುಂದಾಗಿ ಹಾಕಿದರೆ ಜಡೆ ಬಿಚ್ಚಿಕೊಳ್ಳುತ್ತದೆ. ಈ ಕೊನೆಯ ವಾಕ್ಯವನ್ನು ನೆನಪಿಟ್ಟುಕೊಳ್ಳಿ. ನಾವು ಇಟ್ಟುಕೊಳ್ಳಲಿಲ್ಲ.

ಹಗ್ಗಕ್ಕೆ ಮನೆಗೊಂದು ಹಳೆಯ ಸೀರೆ ತರಬೇಕು, ಅದನ್ನೇ ಹೊಸೆಯೋಣ ಎಂದು ತಾತ ಹೇಳಿದರು. ಒಬ್ಬೊಬ್ಬರು ತಂದ ಸೀರೆಗಳು ಎಷ್ಟು ಹಳೆಯವೆಂದರೆ ಕೆಲವಕ್ಕೆ ಬಣ್ಣವೇ ಇರಲಿಲ್ಲ, ಬರೀ ನೆನಪಿತ್ತು. ನಾನು ಅಮ್ಮನನ್ನು ಕೇಳಿದೆ. ಅಮ್ಮ ಬೀರು ತೆಗೆದು, ಹಳೆಯವುಗಳ ಮೇಲೆ ಕೈಯಾಡಿಸಿ, ಒಂದು ನವಿಲು ಬಣ್ಣದ ಸೀರೆ ಎಳೆದಳು. ಜರಿ ಅಂಚು, ಅಂಗಡಿಯ ಮಡಿಕೆ ಇನ್ನೂ ಹಾಗೇ ಇತ್ತು. ಇದು ಹೊಸದು, ಹರಿದದ್ದು ಕೊಡು ಅಂದೆ.

"ಹರಿದಿದ್ದನ್ನ ದಿನಾ ಉಡ್ತೀನಿ," ಅಂದಳು ಅಮ್ಮ. "ಇದ್ನ ಎಲ್ಲಿಗ್ ಉಟ್ಕಂಡ್ ಹೋಗ್ಲಿ? ತಗಂಡೋಗು."

ಬೀದಿಯಲ್ಲಿ ಆ ಸೀರೆ ದೊಡ್ಡ ಸುದ್ದಿಯಾಯಿತು. ನೋಡು ಕೊಬ್ಬು, ಹೊಸ ಸೀರೆಯನ್ನೇ ಹಗ್ಗ ಮಾಡಲು ಕೊಟ್ಟಿದ್ದಾಳೆ ಎಂದರು. ನಾನು, ನಮ್ಮ ಮನೆಯಲ್ಲಿ ಇದು ನೆಲ ಒರೆಸುವ ಸೀರೆ ಅಂದೆ.

ದಿನಾ ಬಿಸಿಲಿಳಿದ ಮೇಲೆ ಕಲಿಕೆ. ನನ್ನ ಹೆಜ್ಜೆಯ ಹೊಡೆತಕ್ಕೆ ಬೇವಿನ ಹಣ್ಣು ಉದುರುತ್ತಿದ್ದವು. ಹಣ್ಣಾದವು ಹೇಗೂ ಉದುರುತ್ತವೆ ಎಂದು ಹೊಟ್ಟೆಕಿಚ್ಚಿನವರು ಹೇಳಬಹುದು. ನನ್ನ ಎದುರು ಸುತ್ತಿನವರು ಕೊನೇಮನೆ ಅತ್ತೆ. ಬೀದಿಯ ಕೊನೆಯ ಮನೆ ಅವರದು, ಮೋರಿಗೆ ಎಲ್ಲರಿಗಿಂತ ಹತ್ತಿರ. ಭಾರಿ ಆಳು, ಭಾರಿ ದನಿ. ಅವರು ಕೋಲು ತಟ್ಟಿದರೆ ನನ್ನ ಮೊಣಕೈಯವರೆಗೆ ಶಾಕ್ ಹೊಡೆಯುತ್ತಿತ್ತು. ಅವರ ಸೀರೆ ತೀರಿಹೋದ ಅವರ ಅತ್ತೆಯದು, ಬೆಣ್ಣೆಯಂತಾಗಿದ್ದ ಹತ್ತಿ ಸೀರೆ. ಆಟ ಮುಗಿದ ಮೇಲೆ ವಾಪಸು ಬೇಕು ಎಂದು ಹೇಳಿಯೇ ಕೊಟ್ಟಿದ್ದರು.

ಜಡೆ ಸರಿಯಾಗಿ ಹೆಣೆದು ಮೊಣಕೈ ಎತ್ತರಕ್ಕೆ ಇಳಿಯುವ ಹೊತ್ತಿಗೇ ದಿನಾ ಡೈರಿಯ ಮೈಕಿನಲ್ಲಿ ದೇವರ ಹಾಡು ಶುರುವಾಗುತ್ತಿತ್ತು. ಡೈರಿ ತೆಗೆದಿದೆ, ಹಾಲು ತನ್ನಿ ಎಂದು ಅರ್ಥ. ಹಸುಗಳು ಕಲೆಗಾಗಿ ಕಾಯುವುದಿಲ್ಲ. ಹೆಂಗಸರು ಸೀರೆ ಬಿಟ್ಟು ಕೊಟ್ಟಿಗೆಗೆ ಓಡುತ್ತಿದ್ದರು, ತಾತ ಕನ್ನಡಕ್ಕೆ ತಿರುಗುತ್ತಿದ್ದರು. ನಾನು ಕೊಂಬೆ ಹತ್ತಿ ಬಳೆ ಸಮೇತ ಜಡೆಯನ್ನು ಇಳಿಸಿ, ಸ್ಕೂಲಿನ ಜಗುಲಿಯ ಮೇಲೆ ಹಾಸಿ ಕಾಯುತ್ತಿದ್ದೆ. ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದು ಅವರು ಒಬ್ಬೊಬ್ಬರಾಗಿ ವಾಪಸು ಬರುತ್ತಿದ್ದರು. ನಾಳೆಗೆ ಸೀರೆಗಳು ಬಿಡಿಬಿಡಿಯಾಗಿ ಬೇಕಲ್ಲ. ಜಡೆಯ ಸುತ್ತ ಚಕ್ಕಂಬಕ್ಕಳ ಹಾಕಿ ಕೂತು ಎಲ್ಲರೂ ಕೈಯಲ್ಲೇ ಬಿಚ್ಚುತ್ತಿದ್ದೆವು.

ಬಿಚ್ಚುವುದೇ ನಿಜವಾದ ಆಟ. ಕುಣಿಯುವಾಗ ಉಸಿರು ಇರುವುದಿಲ್ಲ, ಕೂತಾಗ ಬಾಯಿ ಖಾಲಿ ಇರುತ್ತದೆ. ಯಾರ ಸೊಸೆ ಅತ್ತೆಯ ಮೇಲೆ ಮುನಿಸಿಕೊಂಡಿದ್ದಾಳೆ, ಯಾರ ಮೊಣಕಾಲಿನಲ್ಲಿ ಟಕ್ ಅನ್ನುತ್ತದೆ, ಎಲ್ಲ ಅಲ್ಲೇ ಹೊರಬರುತ್ತಿತ್ತು. ಒಬ್ಬಳು ಮಗುವಿಗೆ ಜ್ವರ ಬಿಡುತ್ತಿಲ್ಲ ಅಂದರೆ, ಮರುದಿನ ಬೆಳಗ್ಗೆ ಇನ್ನೊಬ್ಬಳ ಗಂಡ ಬೈಕಿನಲ್ಲಿ ಅವರನ್ನು ಹೊಸೂರಿನ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ಬೇಲಿಯ ಜಗಳದಲ್ಲಿ ಮಾತು ಬಿಟ್ಟಿದ್ದ ಇಬ್ಬರು ಒಂದೇ ಗಂಟಿಗೆ ಎರಡು ಕಡೆಯಿಂದ ಉಗುರು ಹಾಕಿ, ಮೊದಲು ಗಂಟನ್ನು ಬೈದು, ಆಮೇಲೆ ಗಂಡಂದಿರನ್ನು ಬೈದು ರಾಜಿಯಾದರು.

ನನ್ನ ಪಾಲಿಗೆ ಹೇಳಲು ಹಾವು ಇತ್ತು. ದಿನಾ ಹೇಳುತ್ತಿದ್ದೆ.

"ಮೊನ್ನೆ ಮಾರುದ್ದ ಅಂದೆ, ಇವತ್ತು ಎರಡ್ ಮಾರು ಅಂತೀಯಲ್ಲಮ್ಮಿ?" ಎಂದು ಕೇಳಿದರು ಕೊನೇಮನೆ ಅತ್ತೆ.

"ಬೆಳೆಯೋ ವಯಸ್ಸು ಅತ್ತೆ ಅದ್ಕೆ," ಅಂದೆ.

ಅತ್ತೆ ನಕ್ಕು ನಕ್ಕು ಕ್ಯಾನು ಉರುಳಿಸಿದರು. ಎಲ್ಲರನ್ನೂ ನಗಿಸಿದ ಮೇಲೆ ಯಾರೂ ನನ್ನನ್ನು ಬೇರೇನೂ ಕೇಳುವುದಿಲ್ಲ. ಹಾಸ್ಟೆಲಿನ ವಿಷಯ ನಾನೂ ಎತ್ತಲಿಲ್ಲ. ಅದರಲ್ಲಿ ನಗುವಂಥದ್ದು ಏನೂ ಇರಲಿಲ್ಲ.

ಕತ್ತಲಾಗುತ್ತಿದ್ದಂತೆ ಬೀದಿಯಿಂದ ಕೂಗು ಬರುತ್ತಿದ್ದವು. ಅಮ್ಮೋ, ಅಕ್ಕೋ, ಏನೇ, ಸಾರಿಗೆ ಉಪ್ಪು ಹಾಕಿದ್ದೀಯಾ. ಒಂದೊಂದು ಕೂಗಿಗೆ ಒಬ್ಬೊಬ್ಬರು ಎದ್ದು ಹೋಗುತ್ತಿದ್ದರು. ನನ್ನನ್ನು ಕೂಗುವವರು ಇರಲಿಲ್ಲವಾದ್ದರಿಂದ ಕೊನೆಗೆ ಉಳಿಯುವುದು ನಾನು. ಎಂಟು ಸೀರೆಯನ್ನೂ ಅಂಗಡಿಯವರಿಗಿಂತ ನೀಟಾಗಿ ಮಡಚುತ್ತಿದ್ದೆ. ಒಂದು ಸಲ ಮಡಚಿದ್ದನ್ನು ಬಿಚ್ಚಿ ಇನ್ನೊಂದು ಸಲ ಮಡಚಿದ್ದೂ ಉಂಟು. ಆಮೇಲೆ ಸಮುದ್ರ ದಾಟಿ ಮನೆಗೆ.

ಆಟವನ್ನು ಊರಿಗೆ ತೋರಿಸಲು ಒಂದು ಭಾನುವಾರ ಗೊತ್ತಾಯಿತು. ಮರುದಿನ ಸೋಮವಾರವೇ ನನ್ನ ಕೃಷ್ಣಗಿರಿ. ಅಮ್ಮನಿಗೆ ಭಾನುವಾರ ರಜೆ. ಬಾ ಎಂದು ಬೆಳಗ್ಗೆ ಕರೆದೆ. ಅಮ್ಮ ಅಟ್ಟದಿಂದ ಅಪ್ಪನ ಹಳೆಯ ಟ್ರಂಕು ಇಳಿಸಿ ಒರೆಸುತ್ತಿದ್ದಳು. ನನ್ನನ್ನು ಯಾರು ಕರೆದಿದ್ದಾರೆ ಅಂದಳು. ನಾನು ಕರೀತಿದೀನಲ್ಲ ಅಂದೆ. ನೋಡೋಣ ಎಂದು, ಟ್ರಂಕಿನೊಳಗೆ ನನ್ನ ಟವೆಲು ಇಟ್ಟಳು.

ಅಂಗಳದಲ್ಲಿ ಹೆಡ್‌ಮಾಸ್ಟರು, ಪಂಚಾಯಿತಿಯವರು, ಕುರ್ಚಿ ಸಿಕ್ಕವರು, ಸಿಗದವರು. ಲಕ್ಷ ಜನ. ಭಾಗಿಸಿಕೊಳ್ಳಿ. ತಾತ ಹಾಡು ಎತ್ತಿದರು, ನಾವು ಸುತ್ತಿದೆವು. ಜಡೆ ಅಷ್ಟು ಚೆನ್ನಾಗಿ ಯಾವತ್ತೂ ಬಿದ್ದಿರಲಿಲ್ಲ. ಬೆಂಕಿಕಡ್ಡಿ ತೂರಿಸಲು ಸಂದಿಯಿಲ್ಲ, ನಡುವೆ ಅಮ್ಮನ ನವಿಲು ಬಣ್ಣ ಮಿಂಚುತ್ತಿತ್ತು. ಒಂದೊಂದು ಸುತ್ತಿಗೂ ಗೇಟು ನನ್ನ ಕಣ್ಣ ಮುಂದೆ ಬಂದು ಹೋಗುತ್ತಿತ್ತು. ಗೇಟಿನಲ್ಲಿ ಒಂದು ನಾಯಿ ಮಲಗಿತ್ತು, ಅಷ್ಟೇ. ಜಡೆ ಮೊಣಕೈಗೆ ಬಂತು. ಚಪ್ಪಾಳೆಯೋ ಚಪ್ಪಾಳೆ. ನಮ್ಮ ಕಾಲುಗಳು ಅಭ್ಯಾಸದಂತೆ ನಿಂತುಬಿಟ್ಟವು.

ಡೈರಿಯ ಹಾಡು ಬರಲಿಲ್ಲ. ಇನ್ನೂ ಬಿಸಿಲಿತ್ತು.

ಎಂಟು ಜನ ಒಬ್ಬರ ಮುಖ ಒಬ್ಬರು ನೋಡಿದೆವು. ಹೆಣೆಯುವುದನ್ನು ನಾವು ಬೇಸಿಗೆಯಿಡೀ ಕಲಿತಿದ್ದೆವು. ಕುಣಿಯುತ್ತ ಬಿಚ್ಚುವುದನ್ನು ಒಂದು ದಿನವೂ ಕಲಿತಿರಲಿಲ್ಲ. ಪ್ರತಿದಿನ ಆ ಹೊತ್ತಿಗೆ ಹಸುಗಳು ಕರೆದಿದ್ದವು.

"ಹಾಕಕ್ಕೆ ಬಂದವ್ರಿಗೆ ಬಿಚ್ಚಕ್ಕೆ ಬರಕಿಲ್ವಾ? ಹಿಂದಕ್ ತಿರುಗ್ರಿ," ಎಂದು ತಾತ ಗದರಿದರು.

ಇಬ್ಬರು ಬೆನ್ನು ತಿರುಗಿಸಿ ನಡೆದರು. ಇಬ್ಬರು ಬೆನ್ನು ತಿರುಗಿಸದೆ ಹಿಂದಕ್ಕೆ ನಡೆದರು. ಒಬ್ಬರು ಮುಂದಕ್ಕೇ ಹೋದರು. ನಾನು ಸರಿಯಾಗಿಯೇ ಹೋದೆ, ಮರ ಅಡ್ಡ ಬಂತು. ಕೊನೇಮನೆ ಅತ್ತೆ ನನ್ನ ಸುತ್ತ ಒಂದು ಸಲ, ನಾನು ಅವರ ಸುತ್ತ ಎರಡು ಸಲ. ಜಡೆಯ ಬುಡದಲ್ಲಿ ಕುಂಬಳಕಾಯಿ ಗಾತ್ರದ ಗಂಟು ಎದ್ದಿತು. ಮುಗಿಯಿತಾ ಎಂದು ಹೆಡ್‌ಮಾಸ್ಟರು ತಮಿಳಿನಲ್ಲಿ ಮೆಲ್ಲಗೆ ಕೇಳಿದರು.

ಆಗ ಕೊನೇಮನೆ ಅತ್ತೆ ಸೆರಗು ಸಿಕ್ಕಿಸಿ, "ಇಳ್ಸಮ್ಮಿ ಅದ್ನ," ಅಂದರು. ನಾನು ಲಕ್ಷ ಜನರ ಎದುರು ಕೊಂಬೆ ಹತ್ತಿ ಬಳೆ ಇಳಿಸಿದೆ. ಎಂಟು ಜನವೂ ದಿನಾ ಕೂತಂತೆ ನೆಲದ ಮೇಲೆ ಕೂತು ಬಿಚ್ಚತೊಡಗಿದೆವು. ಆಮೇಲೆ ಒಬ್ಬ ಅಜ್ಜಿ, ಹಾಗಲ್ಲ ಎಳೆಯುವುದು, ತಾ ಇಲ್ಲಿ ಎಂದು ಬಂದು ಕೂತಳು. ಅವಳ ಹಿಂದೆ ಇನ್ನೊಬ್ಬಳು. ಪಂಚಾಯಿತಿಯವರ ಹೆಂಡತಿಯೂ ರೇಷ್ಮೆ ಸೀರೆಯಲ್ಲೇ ಕೂತರು. ಗಂಡಸರು ಕುರ್ಚಿ ಬಿಟ್ಟು ಸುತ್ತ ನಿಂತು, ತಮ್ಮ ಜೀವನದಲ್ಲಿ ಒಂದು ಗಂಟೂ ಬಿಚ್ಚದವರು, ಸಲಹೆ ಕೊಟ್ಟರು. ಪ್ರಾಜೆಕ್ಟ್ ಅಕ್ಕ ಕಣ್ಣು ಒರೆಸಿಕೊಳ್ಳುತ್ತ ಎಲ್ಲವನ್ನೂ ಫೋನಿನಲ್ಲಿ ಹಿಡಿಯುತ್ತಿದ್ದಳು.

ಆರು ಸೀರೆ ಬಿಟ್ಟುಕೊಂಡವು. ಎರಡು ಬಿಡಲಿಲ್ಲ. ಹಳೆಯ ಸೀರೆಗಳೆಲ್ಲ ಮೆತ್ತಗೆ ಜಾರಿದವು. ಅಮ್ಮನ ಹೊಸ ಸೀರೆ ಮಾತ್ರ ಗಂಜಿಯ ಬಿಗಿಯಲ್ಲಿ, ಜರಿಯ ಹಲ್ಲಿನಲ್ಲಿ ಕೊನೇಮನೆ ಅತ್ತೆಯ ಹತ್ತಿ ಸೀರೆಯನ್ನು ಕಚ್ಚಿ ಹಿಡಿದಿತ್ತು. ತಾತ ಕತ್ತರಿ ತರಿಸಿದರು. ಅತ್ತೆ ಕತ್ತರಿಯನ್ನು ಕಿತ್ತುಕೊಂಡು ಮಡಿಲಿಗೆ ಹಾಕಿಕೊಂಡರು. ತಮ್ಮ ಅತ್ತೆಯ ಸೀರೆಗೆ ಕತ್ತರಿ ಬೀಳಕೂಡದು, ಇನ್ನೊಂದಕ್ಕೆ ಹಾಕಬೇಕೆಂದರೆ ಅದರ ಒಡತಿಯನ್ನು ಕೇಳಬೇಕು ಅಂದರು. ಒಡತಿ ಎಲ್ಲಿ ಎಂದು ಸುತ್ತ ನೋಡಿದರು. ನಾನೂ ಸುತ್ತ ನೋಡುವವಳಂತೆ ನೋಡಿದೆ.

ಬಂದಿಲ್ಲ, ಮನೆಯಲ್ಲಿದ್ದಾಳೆ ಅಂದೆ. ಅದಕ್ಕೆ ಸೇರಿಸಲು ನನಗೆ ಒಂದು ಸುಳ್ಳೂ ಹೊಳೆಯಲಿಲ್ಲ.

ಹಾಗೆ ಏಳು ಹೆಂಗಸರು, ಮುಂದೆ ಗಂಟು ಹೊತ್ತ ನಾನು, ಮೋರಿ ದಾಟಿ ಬೋಳು ರಾಗಿ ಹೊಲದಲ್ಲಿ ಸಾಲಾಗಿ ಹೊರಟೆವು. ಅಮ್ಮ ಜಗುಲಿಯಿಂದ ಸಾಲನ್ನು ನೋಡಿದಳು. ನಾನು ಎಲ್ಲರ ಮುಂದಿದ್ದರೂ ಗಂಟಿನ ಹಿಂದೆ ನನ್ನ ಮುಖ ಕಾಣಲಿಲ್ಲವೇನೋ. ಆ ಮನೆಗೆ ಅಷ್ಟು ಜನ ಒಟ್ಟಿಗೆ ಬರಬೇಕಾದರೆ ಕೆಟ್ಟ ಸುದ್ದಿಯೇ ಆಗಿರಬೇಕು. ಬರಿಗಾಲಲ್ಲಿ ಓಡಿಬಂದಳು.

"ಮಗೀಗ್ ಏನಾಯ್ತು? ಹೇಳ್ರಕ್ಕಾ, ಏನಾಯ್ತು?"

"ಮಗೀಗ್ ಏನಾಗ್ತದೆ, ಬಾಯಿ ಐತಲ್ಲ," ಅಂದರು ಕೊನೇಮನೆ ಅತ್ತೆ. "ನಿನ್ ಸೀರೆ ಕಣವ್ವ. ನಮ್ಮತ್ತೇನ ಹಿಡ್ಕಂಡು ಬಿಡಾಕಿಲ್ಲ ಅಂತದೆ."

ಅಮ್ಮ ನನ್ನ ಭುಜವನ್ನು ಒಮ್ಮೆ ಮುಟ್ಟಿ ನೋಡಿ, ಬನ್ನಿ ಅಂದಳು. ನಮ್ಮ ಮನೆಯಲ್ಲಿ ಇದ್ದದ್ದು ಮೂರು ಲೋಟ. ಅಪ್ಪ ಬಂದ ದಿನ ಬೇಕಾಗುವಷ್ಟು. ಉಳಿದವರು ಬಟ್ಟಲಲ್ಲಿ, ಹಾಲಿನ ಬೋಗುಣಿಯಲ್ಲಿ, ಹಾರ್ಲಿಕ್ಸ್ ಬಾಟಲಿಯ ಮುಚ್ಚಳದಲ್ಲಿ ಟೀ ಕುಡಿದರು. ಕುರ್ಚಿಯೂ ಸಾಲದೆ ಕೊನೇಮನೆ ಅತ್ತೆ ನನ್ನ ಟ್ರಂಕಿನ ಮೇಲೆ ಕೂತರು. ಟ್ರಂಕು ಒಂದು ಸಲ ನರಳಿತು.

ಅಮ್ಮನೂ ಗಂಟಿಗೆ ಉಗುರು ಹಾಕಿದಳು. ಉಗುರು ಮುರಿಯಿತು. ಸೇಫ್ಟಿ ಪಿನ್ನು ಹಾಕಿದಳು, ಪಿನ್ನು ಬಗ್ಗಿತು. ಹಲ್ಲು ಹಾಕಿ ಎಳೆದು, ಬಾಯಿಗೆ ಜರಿ ಸಿಕ್ಕಿ, ಥೂ ಎಂದು ಉಗುಳಿ ನಕ್ಕಳು. ಫೋನಿನಲ್ಲಿ ಅಪ್ಪನ ಜೊತೆ ನಗುವುದನ್ನು ಕೇಳಿದ್ದೆ. ಇದು ಬೇರೆ, ಇದಕ್ಕೆ ಹೊಟ್ಟೆ ಕುಣಿಯುತ್ತಿತ್ತು. ಕತ್ತರಿ ಬೇಡ ಎಂದು ಅಮ್ಮನೂ ಹೇಳಿದಳು. ಮಾತು ಗಂಟಿನಿಂದ ಫ್ಯಾಕ್ಟರಿಗೆ, ಫ್ಯಾಕ್ಟರಿಯಿಂದ ಹಾವಿಗೆ ಹೋಯಿತು. ಹಾವು ಅಮ್ಮನ ಲೆಕ್ಕದಲ್ಲಿ ಬಚ್ಚಲುದ್ದ, ಅವರ ಲೆಕ್ಕದಲ್ಲಿ ಮೂರು ಮಾರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಟೀ ಸೋಸಲು ಒಳಗೆ ಹೋದೆ.

ಅಲ್ಲಿಂದಲೇ ಕೇಳಿಸಿತು. ಟ್ರಂಕು ಯಾರದು ಎಂದು ಅತ್ತೆ ವಿಚಾರಿಸಿದರು. ಅಮ್ಮ ಎಲ್ಲ ಹೇಳಿದಳು, ಶಿಫ್ಟು, ಕತ್ತಲು, ಕೂಗಿದರೆ ಯಾರು ಬರುತ್ತಾರೆ ಎಂಬುದು.

"ಸಂಜೆ ನಮ್ಮನೆಗ್ ಬರ್ಲಿ," ಅಂದರು ಅತ್ತೆ. "ಉಣ್ಲಿ, ಓದ್ಕಳ್ಳಿ. ನೀನು ವ್ಯಾನ್ ಇಳ್ದು ಕರ್ಕಂಡೋಗು."

"ಅವ್ಳಿಗೆ ಬಾಯಿ ಜಾಸ್ತಿ ಅಕ್ಕ."

"ನಂದೇನ್ ಕಮ್ಮೀನಾ?"

ಅಷ್ಟರಲ್ಲಿ ದೂರದಲ್ಲಿ ಡೈರಿಯ ಹಾಡು ಬಂತು. ಏಳು ಜನವೂ ಬಟ್ಟಲು, ಬೋಗುಣಿ ಇಟ್ಟು ಎದ್ದು ಓಡಿದರು. ಗಂಟು ಇಲ್ಲೇ ಇರಲಿ, ಬರುವ ಭಾನುವಾರ ನೋಡೋಣ ಎಂದು ಅತ್ತೆ ಹೊಲದಿಂದಲೇ ಕೂಗಿದರು. ಅಮ್ಮ ಬಟ್ಟಲುಗಳನ್ನು ತೊಳೆದು ಸಾಲಾಗಿ ಬೋರಲು ಹಾಕಿದಳು, ಅಷ್ಟನ್ನೂ. ಸೋಮವಾರ ಬೆಳಗ್ಗೆ ನಾನೆದ್ದು ಬಚ್ಚಲಿಗೆ ಹೋದಾಗ ನನ್ನ ಟವೆಲು ಮತ್ತೆ ಮೊಳೆಯ ಮೇಲೆ ನೇತಾಡುತ್ತಿತ್ತು.

ಈಗ ನಾನು ಊರಿಗೆ ಹತ್ತಿರದ ಬಾಗಲೂರಿನಲ್ಲೇ ಹನ್ನೊಂದನೇ ಕ್ಲಾಸು. ಎಲ್ಲ ಸರಿಹೋಯಿತು ಎಂದು ಹೇಳಿದರೆ ಅದೂ ಹತ್ತರಿಂದ ಗುಣಿಸಿದ ಮಾತು. ಅಮ್ಮನ ಶಿಫ್ಟು ಬದಲಾಗಲಿಲ್ಲ, ಅಪ್ಪನ ಲಾರಿ ನಿಂತಿಲ್ಲ. ಪ್ರಾಜೆಕ್ಟ್ ಅಕ್ಕ ಬೇರೆ ಊರಿಗೆ ಹೋದಳು, ಬೇವಿನ ಕೊಂಬೆ ಖಾಲಿ. ಸಂಜೆ ಅತ್ತೆಯ ಮನೆಯಲ್ಲಿ ತಟ್ಟೆ ಮುಂದೆ ಕೂತಾಗ ಅವರ ಮಕ್ಕಳು ಮೊಮ್ಮಕ್ಕಳು ತಮ್ಮತಮ್ಮಲ್ಲೇ ಜಗಳವಾಡುತ್ತಾರೆ. ನನ್ನ ಜೊತೆ ಯಾರೂ ಜಗಳವಾಡುವುದಿಲ್ಲ. ಮುದ್ದೆಯ ದೊಡ್ಡ ಉಂಡೆ ನನಗೇ ಹಾಕುತ್ತಾರೆ. ಅದರಿಂದಲೇ ನಾನು ನೆಂಟಳು ಎಂದು ತಿಳಿಯುತ್ತದೆ.

ಆದರೆ ಭಾನುವಾರ ಬೀದಿಯ ಹೆಂಗಸರು ನಮ್ಮ ಮನೆಗೆ ಬರುತ್ತಾರೆ. ಎಲ್ಲರೂ ಬರುವುದಿಲ್ಲ, ಕೆಲವು ಸಲ ಮೂವರು, ಕೆಲವು ಸಲ ಅತ್ತೆ ಒಬ್ಬರೇ. ಗಂಟನ್ನು ನಡುವೆ ಇಟ್ಟುಕೊಂಡು ಒಬ್ಬೊಬ್ಬರು ಸ್ವಲ್ಪ ಎಳೆಯುತ್ತಾರೆ, ಮಾತಾಡುತ್ತಾರೆ, ಡೈರಿಯ ಹಾಡಿಗೆ ಎದ್ದು ಹೋಗುತ್ತಾರೆ. ಇಷ್ಟು ದಿನವಾದರೂ ಬಿಟ್ಟುಕೊಳ್ಳಲಿಲ್ಲ, ಎಂಥಾ ಗಂಟಪ್ಪ ಎಂದು ಆಶ್ಚರ್ಯಪಡುತ್ತಾರೆ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಅವರು ಸಡಿಲ ಮಾಡಿಹೋದದ್ದನ್ನು ಶನಿವಾರ ನಾನು ಬಾಗಿಲು ಹಾಕಿಕೊಂಡು, ಕಾಲಲ್ಲಿ ಒತ್ತಿ ಹಿಡಿದು, ಎರಡು ಕಡೆಯಿಂದ ಎಳೆದು ಬಿಗಿ ಮಾಡಿ ಇಡುತ್ತೇನೆ.

ಹೋದ ಶನಿವಾರವೂ ಬಾಗಿಲು ಹಾಕಿ ಗಂಟನ್ನು ಎತ್ತಿಕೊಂಡೆ. ಹಿಂದಿನ ಭಾನುವಾರ ಅತ್ತೆ ಒಂದು ಸುತ್ತು ಪೂರ್ತಿ ಬಿಚ್ಚಿದ್ದನ್ನು ನಾನೇ ನೋಡಿದ್ದೆ. ಆ ಸುತ್ತು ಮತ್ತೆ ಬಿದ್ದಿತ್ತು. ಅದರ ಮೇಲೆ ಇನ್ನೊಂದು ಸುತ್ತು, ನನಗೆ ಹಾಕಲು ಬಾರದಂಥದ್ದು, ತುದಿಯನ್ನು ಒಳಗೆ ನೀಟಾಗಿ ಸಿಕ್ಕಿಸಿದ್ದು. ಮನೆಯಲ್ಲಿ ಇರುವವರು ನಾನು, ಅಮ್ಮ, ಇಬ್ಬರೇ.

ಗಂಟನ್ನು ಹೇಗಿತ್ತೋ ಹಾಗೆ ವಾಪಸು ಇಟ್ಟು ಬಂದೆ.